ಸದಸ್ಯರ ಲಾಗಿನ್ ಕಳೆದುಹೋದಾಗ: ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವ ಬಗೆ

ಕುಮಾರ ಪರ್ವತದ ಚಾರಣಕ್ಕೆ ಹೆಸರು ಕೊಡಿ ಅಂತ ಪ್ರಕಟಣೆ ಹೊರಬಿದ್ದ ಸಂಜೆಯೇ ಕ್ಲಬ್ಬಿನ ಅರ್ಧ ಜನಕ್ಕೆ ಪಾಸ್‌ವರ್ಡ್ ಮರೆತುಹೋಗಿರುತ್ತದೆ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ತೆರೆಯುವ ಬೀರುವಿನ ಕೀಲಿಕೈ ಎಲ್ಲಿಟ್ಟೆ ಅಂತ ಯಾರಿಗೆ ನೆನಪಿರುತ್ತದೆ ಹೇಳಿ. ಸದಸ್ಯರನ್ನು ಬೈದು ಪ್ರಯೋಜನವಿಲ್ಲ.

ಈ ಕೈಪಿಡಿ ಬರೆದಿರುವುದು ಸದಸ್ಯರಿಗಲ್ಲ. ಕ್ಲಬ್ಬಿನ ವೆಬ್‌ಸೈಟನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಾರಲ್ಲ, ರಾತ್ರಿ ಒಂಬತ್ತೂವರೆಗೆ "ಸ್ವಲ್ಪ ನೋಡಿ ಸಾರ್, ಒಳಗೇ ಬಿಡ್ತಿಲ್ಲ" ಅಂತ ಫೋನ್ ಬರುತ್ತದಲ್ಲ, ಅಂಥವರಿಗೆ. ನಮ್ಮ ಸೈಟು ನಡೆಯುವುದು ವರ್ಡ್‌ಪ್ರೆಸ್ ಅನ್ನುವ, ಸೈಟು ಕಟ್ಟುವ ತಂತ್ರಾಂಶದ ಮೇಲೆ. ಸಣ್ಣಪುಟ್ಟ ಸಂಘ, ಕ್ಲಬ್ಬುಗಳಲ್ಲಿ ಬಹುಪಾಲು ಅದೇ ಇರುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅದಕ್ಕೆ ಸಂಬಂಧಿಸಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸದಸ್ಯರು "ಪಾಸ್‌ವರ್ಡ್ ಮರೆತಿದೆ" ಅಂದ ತಕ್ಷಣ ಹೊಸ ಪಾಸ್‌ವರ್ಡ್ ಇಟ್ಟು ಕೊಡಲು ಹೋಗಬೇಡಿ. ಎಷ್ಟೋ ಸಲ ಮರೆತಿರುವುದು ಪಾಸ್‌ವರ್ಡ್ ಅಲ್ಲವೇ ಅಲ್ಲ. ಯಾವ ಇಮೇಲ್ ಕೊಟ್ಟು ಸದಸ್ಯರಾದೆ ಅನ್ನುವುದೇ ಮರೆತಿರುತ್ತದೆ. ಇಲ್ಲವೇ ಪಾಸ್‌ವರ್ಡ್ ನೆನಪಿದ್ದೂ ಫೋನಿನ ಕೀಬೋರ್ಡು ಬೇರೇನೋ ಒತ್ತುತ್ತಿರುತ್ತದೆ. ಕಾರಣ ತಿಳಿಯದೆ ರೀಸೆಟ್ ಮಾಡಿದರೆ ಒಂದು ಗೊಂದಲದ ಮೇಲೆ ಇನ್ನೊಂದು ಗೊಂದಲ ಅಷ್ಟೆ.

ಮೊದಲು ಪರದೆ ನೋಡಿ

ಸದಸ್ಯರ ಬಾಯಲ್ಲಿ ಎಲ್ಲ ದೋಷಕ್ಕೂ ಒಂದೇ ಹೆಸರು: "ಓಪನ್ ಆಗ್ತಿಲ್ಲ." ಅದರಿಂದ ಏನೂ ಗೊತ್ತಾಗುವುದಿಲ್ಲ. ಒಂದು ಸ್ಕ್ರೀನ್‌ಶಾಟ್ ಕೇಳಿ. ಪೂರ್ತಿ ಪರದೆಯದ್ದು, ಮೇಲಿನ ವಿಳಾಸದ ಪಟ್ಟಿಯೂ ಕಾಣುವಂತೆ. ಪಾಸ್‌ವರ್ಡ್ ಜಾಗದಲ್ಲಿ ಕಣ್ಣಿನ ಗುರುತು ಒತ್ತಿ ಅಕ್ಷರ ಕಾಣಿಸುತ್ತಿದ್ದರೆ ಅದನ್ನು ಮರೆಮಾಡಿ ಕಳಿಸಿ ಅಂತಲೂ ಹೇಳಿ. ಇಲ್ಲದಿದ್ದರೆ ಅದು ನೇರವಾಗಿ ವಾಟ್ಸಾಪ್ ಗುಂಪಿಗೇ ಬಂದು ಬೀಳುತ್ತದೆ.

ಸ್ಕ್ರೀನ್‌ಶಾಟ್ ಬಂದ ಮೇಲೆ ಮೊದಲು ವಿಳಾಸ ನೋಡಿ. ನಗಬೇಡಿ, ಇದು ನಿಜವಾಗಿ ಆಗುತ್ತದೆ: ಕ್ಲಬ್ಬಿನ ಯೂಸರ್‌ನೇಮ್, ಪಾಸ್‌ವರ್ಡ್ ತೆಗೆದುಕೊಂಡು ಹೋಗಿ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಸೈಟಿನಲ್ಲಿ ಹಾಕುತ್ತಿರುತ್ತಾರೆ. ಚಾರಣ ಅಂದರೆ ಚಾರಣ, ಲಾಗಿನ್ ಅಂದರೆ ಲಾಗಿನ್, ಅವರ ಲೆಕ್ಕದಲ್ಲಿ ಎರಡೂ ಒಂದೇ. ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ ಲಿಂಕ್ ಒತ್ತುವವರಿಗೆ ಇದು ಜಾಸ್ತಿ. ಸರಿಯಾದ ಲಾಗಿನ್ ಪುಟದ ಲಿಂಕ್ ಕಳಿಸಿದರೆ ಕೆಲಸ ಮುಗಿಯಿತು.

ಇನ್ನೊಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಬೇಕಾದದ್ದು. ತೊಂದರೆ ಒಬ್ಬರಿಗೋ, ಹಲವರಿಗೋ? ಒಂದೇ ಗಂಟೆಯಲ್ಲಿ ಮೂರು ಕಡೆಯಿಂದ ಒಂದೇ ಥರದ ದೂರು ಬಂದರೆ ಯಾವ ಸದಸ್ಯರ ಖಾತೆಯನ್ನೂ ಮುಟ್ಟಬೇಡಿ. ತಪ್ಪು ಬಹುಶಃ ನಮ್ಮ ಸೈಟಿನದ್ದೇ. ಸೈಟು ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಉಚಿತ ಪ್ರಮಾಣಪತ್ರಕ್ಕೆ 90 ದಿನದ ಆಯಸ್ಸು. ತಾನಾಗಿ ನವೀಕರಣ ಆಗುವ ವ್ಯವಸ್ಥೆ ಕೆಟ್ಟು ನಿಂತರೆ ಎಲ್ಲರಿಗೂ ಒಟ್ಟಿಗೇ "ಸುರಕ್ಷಿತವಲ್ಲ" ಅಂತ ಬರುತ್ತದೆ. ಒಬ್ಬರಿಗೆ ಮಾತ್ರ ಆ ಎಚ್ಚರಿಕೆ ಬರುತ್ತಿದ್ದರೆ ಅವರ ಫೋನಿನ ದಿನಾಂಕ ನೋಡಿ. ಬ್ಯಾಟರಿ ಪೂರ್ತಿ ಇಳಿದು ತಾರೀಖು ಹಿಂದಕ್ಕೆ ಹೋಗಿದ್ದರೂ ಹೀಗೇ ಆಗುತ್ತದೆ.

"ಅಂಥ ಖಾತೆಯೇ ಇಲ್ಲ ಅನ್ನುತ್ತಿದೆ"

ಇದು ಒಳ್ಳೆಯ ಸುದ್ದಿ. ವರ್ಡ್‌ಪ್ರೆಸ್ ಎರಡು ಬೇರೆ ಬೇರೆ ಮಾತು ಹೇಳುತ್ತದೆ. ಯೂಸರ್‌ನೇಮ್ ಅಥವಾ ಇಮೇಲ್ ತನಗೆ ಗೊತ್ತೇ ಇಲ್ಲದ್ದಾದರೆ ಗೊತ್ತಿಲ್ಲ ಅನ್ನುತ್ತದೆ. ಖಾತೆ ಇದ್ದು ಪಾಸ್‌ವರ್ಡ್ ಮಾತ್ರ ತಪ್ಪಾದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಭದ್ರತೆಯ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಉಪತಂತ್ರಾಂಶ) ಹಾಕಿದ್ದರೆ ಕೆಲವು ಕಡೆ ಈ ವ್ಯತ್ಯಾಸ ಮುಚ್ಚಿಹೋಗಿರುತ್ತದೆ. ಆಗ ನೀವೇ ಅಡ್ಮಿನ್ ಪುಟದಲ್ಲಿ ಯೂಸರ್ಸ್ ಪಟ್ಟಿ ತೆರೆದು ಹುಡುಕಬೇಕು.

ಹುಡುಕುವಾಗ ಇಮೇಲ್ ಪೂರ್ತಿ ಹಾಕಬೇಡಿ. ಹೆಸರಿನ ಮೊದಲ ನಾಲ್ಕೈದು ಅಕ್ಷರ ಸಾಕು. ಯಾಕೆಂದರೆ ತಪ್ಪಿರುವುದು ಸಾಮಾನ್ಯವಾಗಿ ಒಂದು ಚುಕ್ಕಿ, ಒಂದು ಅಕ್ಷರ. ಜಿಮೇಲ್ ವಿಷಯವನ್ನೇ ತೆಗೆದುಕೊಳ್ಳಿ. ಹೆಸರಿನ ನಡುವೆ ಇರುವ ಚುಕ್ಕಿಯನ್ನು ಜಿಮೇಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚುಕ್ಕಿ ಇಟ್ಟು ಕಳಿಸಿದರೂ ಬಿಟ್ಟು ಕಳಿಸಿದರೂ ಟಪಾಲು ಅದೇ ಮನೆಗೆ ಹೋಗುತ್ತದೆ. ಆದರೆ ನಿಮ್ಮ ಸೈಟಿಗೆ ಆ ಬುದ್ಧಿ ಇಲ್ಲ. ಅಲ್ಲಿ ಚುಕ್ಕಿ ಇರುವುದು ಒಂದು ವಿಳಾಸ, ಇಲ್ಲದ್ದು ಇನ್ನೊಂದು. ಸದಸ್ಯರಾಗುವಾಗ ಚುಕ್ಕಿ ಇಟ್ಟು ಬರೆದವರು ಈಗ ಚುಕ್ಕಿ ಬಿಟ್ಟು ಹಾಕಿದರೆ "ಅಂಥ ಖಾತೆ ಇಲ್ಲ" ಅಂತಲೇ ಬರುತ್ತದೆ. ಸದಸ್ಯರು ಆಣೆ ಮಾಡಿ ಹೇಳುತ್ತಾರೆ, ನನ್ನ ಇಮೇಲ್ ಇದೇ, ದಿನಾ ಇದರಲ್ಲೇ ಮೇಲ್ ಬರುತ್ತದೆ ಅಂತ. ಅವರ ಮಾತೂ ಸತ್ಯವೇ.

ಇನ್ನು ಮನೆಮಂದಿಯ ಇಮೇಲ್. ವರ್ಡ್‌ಪ್ರೆಸ್‌ನಲ್ಲಿ ಒಂದು ಇಮೇಲಿಗೆ ಒಂದೇ ಖಾತೆ. ಗಂಡ ಹೆಂಡತಿ ಇಬ್ಬರೂ ಸದಸ್ಯರು, ಆದರೆ ಮನೆಗೆ ಒಂದೇ ಇಮೇಲ್. ಹಾಗಾದರೆ ಎರಡನೆಯವರ ಖಾತೆ ಯಾವ ವಿಳಾಸದಲ್ಲಿದೆ? ಹಿಂದೆ ಯಾರೋ ಕಾರ್ಯದರ್ಶಿ ಫಾರ್ಮ್ ಮುಂದೆ ಹೋಗಲಿ ಅಂತ ಇಲ್ಲದ ಒಂದು ವಿಳಾಸ ಹುಟ್ಟಿಸಿ ತುಂಬಿರುತ್ತಾರೆ. ಅದಕ್ಕೆ ರೀಸೆಟ್ ಮೇಲ್ ಕಳಿಸಿದರೆ ಹೋಗುವುದು ಎಲ್ಲಿಗೆ? ಇದರ ತಮ್ಮನಂಥ ಇನ್ನೊಂದು ಪ್ರಕರಣ: ಅಪ್ಪನ ಖಾತೆಯನ್ನು ಮಗ ಮಾಡಿಕೊಟ್ಟಿರುತ್ತಾನೆ, ತನ್ನ ಇಮೇಲ್ ಕೊಟ್ಟು. ಮಗ ಈಗ ಡಲ್ಲಾಸ್‌ನಲ್ಲೋ ಡಬ್ಲಿನ್‌ನಲ್ಲೋ ಇದ್ದಾನೆ. ಅಪ್ಪ ಇಲ್ಲಿ ತಮ್ಮ ಇನ್‌ಬಾಕ್ಸ್ ತಡಕಾಡುತ್ತಿದ್ದಾರೆ, ಮೇಲ್‌ಗಳೆಲ್ಲ ಮಗನ ಇನ್‌ಬಾಕ್ಸ್‌ನಲ್ಲಿ ಬಿದ್ದಿವೆ. "ಈ ಖಾತೆ ನಿಮಗೆ ಯಾರು ಮಾಡಿಕೊಟ್ಟರು?" ಅನ್ನುವ ಒಂದು ಪ್ರಶ್ನೆ ಅರ್ಧ ಗಂಟೆಯ ಪರದಾಟ ತಪ್ಪಿಸುತ್ತದೆ.

ಯೂಸರ್‌ನೇಮ್ ಮಾತ್ರ ಮರೆತವರಿಗೆ ಹೆದರುವಂಥದ್ದೇನೂ ಇಲ್ಲ. ವರ್ಡ್‌ಪ್ರೆಸ್ 4.5 ಬಂದ ಮೇಲೆ, ಅಂದರೆ 2016ರಿಂದ, ಯೂಸರ್‌ನೇಮ್ ಬದಲು ಇಮೇಲ್ ಹಾಕಿಯೇ ಒಳಗೆ ಹೋಗಬಹುದು. ರೀಸೆಟ್ ಮೇಲ್‌ನಲ್ಲೂ ಯೂಸರ್‌ನೇಮ್ ಬರೆದಿರುತ್ತದೆ.

"ರೀಸೆಟ್ ಮೇಲ್ ಬರ್ತಾನೇ ಇಲ್ಲ"

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮೇಲ್ ಬರದಿರಲು ನಾಲ್ಕು ಜಾಗಗಳಲ್ಲಿ ಕಾರಣ ಇರಬಹುದು: ಸೈಟು ಕಳಿಸಿಯೇ ಇಲ್ಲ, ಕಳಿಸಿದ್ದನ್ನು ಜಿಮೇಲ್ ಒಪ್ಪಿಲ್ಲ, ಒಪ್ಪಿ ಸ್ಪ್ಯಾಮ್‌ಗೆ ತಳ್ಳಿದೆ, ಅಥವಾ ಸದಸ್ಯರ ಡಬ್ಬಿ ತುಂಬಿದೆ. ಸದಸ್ಯರ ಕಡೆಯಿಂದ ಶುರುಮಾಡಿ ಸೈಟಿನ ಕಡೆಗೆ ಬನ್ನಿ, ಯಾಕೆಂದರೆ ಹಾಗೆ ನೋಡುವುದು ಸುಲಭ.

ಸ್ಪ್ಯಾಮ್ ನೋಡಿ ಅಂದರೆ ಎಲ್ಲರೂ "ನೋಡಿದೆ, ಇಲ್ಲ" ಅನ್ನುತ್ತಾರೆ. ಫೋನಿನಲ್ಲಿ ಎರಡು ಮೂರು ಜಿಮೇಲ್ ಖಾತೆ ಇರುತ್ತವೆ, ನೋಡಿದ್ದು ಯಾವುದರದ್ದೋ. ಹಾಗಾಗಿ ಕ್ಲಬ್ಬಿನ ಸೈಟಿನ ಹೆಸರನ್ನೇ ಜಿಮೇಲ್‌ನ ಹುಡುಕು ಪಟ್ಟಿಯಲ್ಲಿ ಹಾಕಲು ಹೇಳಿ, ಮೇಲೆ ಬಲತುದಿಯ ಚಿತ್ರ ಒತ್ತಿ ಖಾತೆ ಬದಲಿಸಿ ಮತ್ತೆ ಹುಡುಕಲು ಹೇಳಿ. ಸಾಮಾನ್ಯ ಹುಡುಕಾಟದಲ್ಲಿ ಸ್ಪ್ಯಾಮ್ ಸೇರುವುದಿಲ್ಲ, ಅದನ್ನು ಬೇರೆಯಾಗಿ ತೆರೆಯಬೇಕು. ಅಪ್‌ಡೇಟ್ಸ್, ಪ್ರಮೋಷನ್ಸ್ ಅನ್ನುವ ವಿಭಾಗಗಳಲ್ಲೂ ಅಡಗಿ ಕೂತಿರಬಹುದು.

ಡಬ್ಬಿ ತುಂಬಿರುವುದು ಚಾರಣದ ಕ್ಲಬ್ಬುಗಳಿಗೆ ಹೇಳಿ ಮಾಡಿಸಿದ ತೊಂದರೆ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಏರಿಸುವ ಚಿತ್ರಗಳೂ ಇದೇ 15 ಜಿಬಿ ಲೆಕ್ಕಕ್ಕೆ ಸೇರುತ್ತವೆ. ಕೊಡಚಾದ್ರಿಯ ಸೂರ್ಯಾಸ್ತದ ನಲವತ್ತು ವೀಡಿಯೊ ಏರಿಸಿದವರ ಜಿಮೇಲ್ ಒಂದು ದಿನ ಸುಮ್ನೆ ನಿಂತುಹೋಗುತ್ತದೆ. ಹೊಸ ಮೇಲ್ ಯಾವುದೂ ಬರುವುದಿಲ್ಲ. ಅವರಿಗೆ ಗೊತ್ತಾಗುವುದೂ ಇಲ್ಲ, ಈಗ ಮೇಲ್ ಯಾರು ನೋಡ್ತಾರೆ ಅಲ್ವಾ? "ಇವತ್ತು ಬೇರೆ ಯಾರದ್ದಾದರೂ ಮೇಲ್ ಬಂದಿದೆಯಾ ನೋಡಿ" ಅಂತ ಕೇಳಿ. ವಾರದಿಂದ ಏನೂ ಬಂದಿಲ್ಲ ಅಂದರೆ ಇದೇ ಕಾರಣ. ದೊಡ್ಡ ವೀಡಿಯೊಗಳನ್ನು ಅಳಿಸಿ, ಟ್ರ್ಯಾಶ್ ಖಾಲಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ರೀಸೆಟ್ ಕೇಳಲಿ.

ಈಗ ನಮ್ಮ ಕಡೆಯ ತಪ್ಪು. ವರ್ಡ್‌ಪ್ರೆಸ್ ತಾನಾಗಿ ಮೇಲ್ ಕಳಿಸುವಾಗ ಹೋಸ್ಟಿಂಗ್ ಸರ್ವರ್‌ನ, ಅಂದರೆ ಸೈಟು ಇರುವ ಬಾಡಿಗೆ ಕಂಪ್ಯೂಟರ್‌ನ, ಮೂಲಕವೇ ಕಳಿಸುತ್ತದೆ. ಕಳಿಸಿದವರ ಹೆಸರು ವರ್ಡ್‌ಪ್ರೆಸ್ ಅಂತಲೇ ಇರುತ್ತದೆ. ಅಗ್ಗದ ಹೋಸ್ಟಿಂಗ್ ಆದರೆ ಅದೇ ಸರ್ವರ್‌ನಲ್ಲಿ ಇನ್ನೂ ಎಷ್ಟೋ ಸೈಟುಗಳಿರುತ್ತವೆ, ಅದರಲ್ಲಿ ಒಂದೆರಡು ಕಸ ಮೇಲ್ ಕಳಿಸುವಂಥವು. ಪಕ್ಕದ ಮನೆಯವರ ಕೆಟ್ಟ ಹೆಸರು ನಿಮಗೂ ತಗಲುತ್ತದೆ. ಇದರ ಜೊತೆಗೆ ಜಿಮೇಲ್ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದೆ. ಜಿಮೇಲ್ ವಿಳಾಸಗಳಿಗೆ ಮೇಲ್ ಕಳಿಸುವ ಎಲ್ಲರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಎರಡರಲ್ಲಿ ಒಂದನ್ನಾದರೂ ಇಟ್ಟಿರಬೇಕು. ಎಸ್‌ಪಿಎಫ್ ಅಂದರೆ ನಮ್ಮ ಡೊಮೈನ್ ಹೆಸರಿನಲ್ಲಿ ಯಾವ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಡಿಕೆಐಎಂ ಅಂದರೆ ಪ್ರತಿ ಮೇಲ್ ಮೇಲೂ ಬೀಳುವ ಡಿಜಿಟಲ್ ಸಹಿ. ಯಾವುದನ್ನು ಇಟ್ಟರೂ ಸೇರಿಸುವ ಜಾಗ ಡೊಮೈನ್‌ನ ಡಿಎನ್ಎಸ್ ದಾಖಲೆ (ಸೈಟಿನ ಹೆಸರಿಗೆ ಸಂಬಂಧಿಸಿದ ವಿವರಗಳ ಪಟ್ಟಿ).

ಪರೀಕ್ಷೆ ಸುಲಭ. ನಿಮ್ಮದೇ ಜಿಮೇಲ್‌ನಲ್ಲಿ ಒಂದು ಸಾಮಾನ್ಯ ಸದಸ್ಯ ಖಾತೆ ಮಾಡಿಟ್ಟುಕೊಳ್ಳಿ. ಅದಕ್ಕೆ ರೀಸೆಟ್ ಕೇಳಿ. ಮೇಲ್ ಬಂದರೆ, ಕಂಪ್ಯೂಟರ್‌ನಲ್ಲಿ ಆ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆರಿಸಿ. ಮೇಲ್ಗಡೆಯೇ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ (ಮೊದಲೆರಡೂ ಫೇಲ್ ಆದರೆ ಏನು ಮಾಡಬೇಕು ಅಂತ ಹೇಳುವ ನಿಯಮ) ಅಂತ ಸಾಲುಗಳು, ಎದುರಿಗೆ 'ಪಾಸ್' ಅಥವಾ 'ಫೇಲ್'. ಫೇಲ್ ಇದ್ದರೆ, ಅಥವಾ ಆ ಸಾಲುಗಳೇ ಇಲ್ಲದಿದ್ದರೆ, ಸದಸ್ಯರ ಬಳಿ ಸ್ಪ್ಯಾಮ್ ಹುಡುಕಿಸುವುದನ್ನು ಬಿಟ್ಟು ನಿಮ್ಮ ಡಿಎನ್ಎಸ್ ಸರಿಮಾಡಿ.

ಗಟ್ಟಿಯಾದ ಪರಿಹಾರ ಎಸ್‌ಎಂಟಿಪಿ ಪ್ಲಗಿನ್ ಹಾಕುವುದು. ಆಗ ಸೈಟು ಹೋಸ್ಟಿಂಗ್ ಸರ್ವರ್ ಬಿಟ್ಟು ನಿಜವಾದ ಒಂದು ಮೇಲ್ ಖಾತೆಯ ಮೂಲಕ ಕಳಿಸುತ್ತದೆ. ಕ್ಲಬ್ಬಿನ ಜಿಮೇಲ್ ಬಳಸುವುದಾದರೆ ಅದರ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ಅಲ್ಲಿ ಸಿಗುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಹಾಕಬೇಕು. ಉಚಿತ ಜಿಮೇಲ್‌ನಿಂದ ದಿನಕ್ಕೆ 500 ಮೇಲ್ ಮಿತಿ. ಕ್ಲಬ್ಬಿಗೆ ಅದು ಧಾರಾಳ. ಇದರ ಜೊತೆ ಮೇಲ್ ಲಾಗ್ ಇಡುವ ಒಂದು ಪ್ಲಗಿನ್ ಇದ್ದರೆ "ನಾವು ಕಳಿಸಿದ್ದೀವಿ" "ನನಗೆ ಬಂದಿಲ್ಲ" ಅನ್ನುವ ವಾದವೇ ಇರುವುದಿಲ್ಲ. ಎಷ್ಟು ಗಂಟೆಗೆ ಹೋಯಿತು, ಹೋಗದೆ ನಿಂತಿತಾ ಅಂತ ಕಣ್ಣೆದುರು ಕಾಣುತ್ತದೆ. ವಾಪಸ್ ಬಂದ ಮೇಲ್‌ನಲ್ಲಿ 5.1.1 ಅಂತ ಸಂಖ್ಯೆ ಇದ್ದರೆ ಆ ವಿಳಾಸವೇ ಇಲ್ಲ ಅಂತ ಅರ್ಥ. 5.2.2 ಅಥವಾ 4.2.2 ಇದ್ದರೆ ಡಬ್ಬಿ ತುಂಬಿದೆ ಅಂತ.

"ಲಿಂಕ್ ಒತ್ತಿದರೆ ಕೆಲಸ ಮಾಡ್ತಿಲ್ಲ"

ಮೇಲ್ ಐದು ನಿಮಿಷ ತಡವಾದರೆ ಸದಸ್ಯರು ಏನು ಮಾಡುತ್ತಾರೆ? ಮತ್ತೆ ಒತ್ತುತ್ತಾರೆ. ಮತ್ತೂ ಒಮ್ಮೆ ಒತ್ತುತ್ತಾರೆ. ಪ್ರತಿ ಸಲ ಒತ್ತಿದಾಗಲೂ ವರ್ಡ್‌ಪ್ರೆಸ್ ಹೊಸ ಗುಟ್ಟಿನ ಸಂಖ್ಯೆ ಮಾಡಿ ಹಳೆಯದನ್ನು ರದ್ದು ಮಾಡುತ್ತದೆ. ಕೊನೆಗೆ ಮೂರು ಮೇಲ್ ಒಟ್ಟಿಗೆ ಬರುತ್ತವೆ. ಮೂರಕ್ಕೂ ಒಂದೇ ವಿಷಯ ಸಾಲು ಇರುವುದರಿಂದ ಜಿಮೇಲ್ ಅವನ್ನು ಒಂದೇ ಮಾಲೆಯಾಗಿ ಪೋಣಿಸಿ ತೋರಿಸುತ್ತದೆ. ಸದಸ್ಯರು ಮೇಲಿನದ್ದನ್ನು ತೆರೆದು ಒತ್ತುತ್ತಾರೆ. ಅದು ಸತ್ತ ಲಿಂಕು. ಕೆಳಗೆ ಕೊನೆಯಲ್ಲಿ ಇರುವುದು ಮಾತ್ರ ಜೀವಂತ. ಹಾಗಾಗಿ ಫೋನಿನಲ್ಲಿ ಹೇಳಿ: "ಒಂದೇ ಸಲ ಒತ್ತಿ, ಹತ್ತು ನಿಮಿಷ ಕಾಯಿರಿ, ಬಂದದ್ದರಲ್ಲಿ ಎಲ್ಲಕ್ಕಿಂತ ಕೆಳಗಿನದ್ದನ್ನು ತೆರೆಯಿರಿ."

ಲಿಂಕಿನ ಆಯಸ್ಸು ಒಂದು ದಿನ. ನಿನ್ನೆ ಬೆಳಿಗ್ಗೆ ಬಂದದ್ದನ್ನು ಇವತ್ತು ಸಂಜೆ ಒತ್ತಿದರೆ ಅವಧಿ ಮುಗಿದಿದೆ ಅನ್ನುತ್ತದೆ, ಅದರಲ್ಲಿ ಮಾಡುವುದೇನಿಲ್ಲ, ಹೊಸದಾಗಿ ಕೇಳಬೇಕು.

ಇನ್ನೊಂದು ಸೂಕ್ಷ್ಮ ಇದೆ. ಬಹಳ ಜನಕ್ಕೆ ಗೊತ್ತಿಲ್ಲ. ರೀಸೆಟ್ ಲಿಂಕ್ ತೆರೆದ ಕೂಡಲೇ ವರ್ಡ್‌ಪ್ರೆಸ್ ಆ ಗುಟ್ಟಿನ ಸಂಖ್ಯೆಯನ್ನು ಬ್ರೌಸರ್‌ನ ಕುಕಿಯಲ್ಲಿ (ಸೈಟು ಬ್ರೌಸರ್‌ನಲ್ಲಿ ಬರೆದಿಡುವ ಚಿಕ್ಕ ಚೀಟಿ) ಬಚ್ಚಿಟ್ಟು ವಿಳಾಸದ ಪಟ್ಟಿಯಿಂದ ತೆಗೆದುಬಿಡುತ್ತದೆ. ಸದಸ್ಯರು ಜಿಮೇಲ್ ಆ್ಯಪ್ ಒಳಗೇ ಪುಟ ತೆರೆದು, "ಇದರಲ್ಲಿ ಚಿಕ್ಕದಾಗಿ ಕಾಣುತ್ತೆ" ಅಂತ ಆ ವಿಳಾಸ ನಕಲು ಮಾಡಿ ಬೇರೆ ಬ್ರೌಸರ್‌ಗೆ ಅಂಟಿಸಿದರೆ, ಅಥವಾ ಮಗಳಿಗೆ ವಾಟ್ಸಾಪ್ ಮಾಡಿದರೆ, ಅಲ್ಲಿ ಲಿಂಕ್ ಸರಿಯಿಲ್ಲ ಅಂತಲೇ ಬರುತ್ತದೆ. ತೆರೆದ ಜಾಗದಲ್ಲೇ ಮುಗಿಸಬೇಕು. ಕಂಪ್ಯೂಟರ್‌ನಲ್ಲಿ ಬೇಕಿದ್ದರೆ ಕಂಪ್ಯೂಟರ್‌ನಲ್ಲೇ ಮೇಲ್ ತೆರೆದು ಲಿಂಕ್ ಒತ್ತಬೇಕು.

"ಹೊಸ ಪಾಸ್‌ವರ್ಡ್ ಇಟ್ಟೆ, ಆದರೂ ತಪ್ಪು ಅನ್ನುತ್ತಿದೆ"

ನನ್ನ ಪ್ರಕಾರ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ತಪ್ಪು ಅವರದ್ದೂ ಅಲ್ಲ.

ರೀಸೆಟ್ ಪುಟ ತೆರೆದಾಗ ಹೊಸ ಪಾಸ್‌ವರ್ಡ್ ಜಾಗ ಖಾಲಿ ಇರುವುದಿಲ್ಲ. 2015ರಲ್ಲಿ ಬಂದ 4.3 ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಒಂದು ಗಟ್ಟಿ ಪಾಸ್‌ವರ್ಡ್ ಮಾಡಿ ಅಲ್ಲಿ ತುಂಬಿಟ್ಟಿರುತ್ತದೆ. ನೋಡಿದರೆ ಬೆಕ್ಕು ಕೀಬೋರ್ಡ್ ಮೇಲೆ ನಡೆದಂತೆ ಅಕ್ಷರ, ಚಿಹ್ನೆಗಳ ಸಾಲು. ಸದಸ್ಯರು ಅದನ್ನು ಏನೋ ಕೋಡ್ ಅಂದುಕೊಂಡು ಕೆಳಗಿನ 'ಸೇವ್ ಪಾಸ್‌ವರ್ಡ್' ಒತ್ತುತ್ತಾರೆ. "ನಿಮ್ಮ ಪಾಸ್‌ವರ್ಡ್ ಬದಲಾಗಿದೆ" ಅಂತ ಬರುತ್ತದೆ. ಯಾವುದಕ್ಕೆ ಬದಲಾಗಿದೆ ಅಂತ ಯಾರಿಗೂ ಗೊತ್ತಿಲ್ಲ. ಆಮೇಲೆ ತಮ್ಮ ಹಳೆಯದನ್ನೋ ಮನಸ್ಸಿನಲ್ಲಿದ್ದ ಹೊಸದನ್ನೋ ಹಾಕಿದರೆ ತಪ್ಪು ಅನ್ನದೆ ಇನ್ನೇನು ಅನ್ನಬೇಕು? ಕೆಲವರು ಆ ಸಾಲನ್ನು ಅಳಿಸದೆ ಅದರ ತುದಿಗೆ ತಮ್ಮದನ್ನು ಸೇರಿಸಿ ಬಿಡುತ್ತಾರೆ. ಹಾಗಾಗಿ ಸೂಚನೆ ಹೀಗಿರಲಿ: "ಅಲ್ಲಿ ಮೊದಲೇ ಇರುವುದನ್ನೆಲ್ಲ ಅಳಿಸಿ. ನಿಮ್ಮದನ್ನು ಬರೆಯಿರಿ. ಕಾಗದದಲ್ಲಿ ಒಮ್ಮೆ ಬರೆದುಕೊಳ್ಳಿ. ಆಮೇಲೆ ಸೇವ್ ಒತ್ತಿ."

ಮುಂದಿನದು ಬ್ರೌಸರ್‌ನ ನೆನಪು. ಕ್ರೋಮ್ ಹಳೆಯ ಪಾಸ್‌ವರ್ಡನ್ನು ಉಳಿಸಿಕೊಂಡಿರುತ್ತದೆ. ಲಾಗಿನ್ ಪುಟ ತೆರೆದ ತಕ್ಷಣ ಅದನ್ನೇ ತುಂಬುತ್ತದೆ. ಕಾಣುವುದು ಕಪ್ಪು ಚುಕ್ಕಿಗಳು ಮಾತ್ರ, ಹೊಸದೋ ಹಳೆಯದೋ ಯಾರಿಗೆ ಗೊತ್ತು. ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಪಾಸ್‌ವರ್ಡ್ ಮ್ಯಾನೇಜರ್ ತೆರೆದು ಕ್ಲಬ್ಬಿನ ಹಳೆಯ ದಾಖಲೆ ಅಳಿಸಬೇಕು. ಐಫೋನ್ ಆದರೆ, ಐಓಎಸ್ 18ರಿಂದ ಪಾಸ್‌ವರ್ಡ್ಸ್ ಅಂತ ಬೇರೆ ಆ್ಯಪ್ಪೇ ಇದೆ. ಅಂದಹಾಗೆ ಇದೇ ಜಾಗ ಉಪಕಾರಕ್ಕೂ ಬರುತ್ತದೆ. ರೀಸೆಟ್ ಮಾಡುವ ಮೊದಲೇ ಅಲ್ಲಿ ಇಣುಕಿ ನೋಡಲು ಹೇಳಿ. ಮರೆತುಹೋದದ್ದು ಅಲ್ಲೇ ಭದ್ರವಾಗಿ ಕೂತಿರುವುದು ಅಪರೂಪವಲ್ಲ.

ಕೀಬೋರ್ಡಿನ ವಿಷಯ ನಮ್ಮವರಿಗೆ ವಿಶೇಷ. ವಾಟ್ಸಾಪ್‌ನಲ್ಲಿ ಕನ್ನಡ ಬರೆದು ಬಂದವರ ಕೀಬೋರ್ಡ್ ಕನ್ನಡದಲ್ಲೇ ನಿಂತಿರುತ್ತದೆ. ಪಾಸ್‌ವರ್ಡ್‌ನ ಕೊನೆಗೆ 123 ಹಾಕಿದೆ ಅಂದುಕೊಂಡು ೧೨೩ ಹಾಕಿರುತ್ತಾರೆ. ಚುಕ್ಕಿಗಳ ಹಿಂದೆ ಎರಡೂ ಒಂದೇ ಥರ. ಸೈಟಿಗೆ ಮಾತ್ರ ಎರಡೂ ಬೇರೆ ಬೇರೆ. ಕಣ್ಣಿನ ಗುರುತು ಒತ್ತಿ ನೋಡಿದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಫೋನಿನ ನೋಟ್ಸ್‌ನಲ್ಲಿ ಪಾಸ್‌ವರ್ಡ್ ಬರೆದಿಟ್ಟುಕೊಳ್ಳುವವರಿಗೆ ಇನ್ನೊಂದು ಕಾಟ: ಸಾಲಿನ ಮೊದಲ ಅಕ್ಷರವನ್ನು ಕೀಬೋರ್ಡು ತಾನಾಗಿ ದೊಡ್ಡಕ್ಷರ ಮಾಡಿರುತ್ತದೆ.  ಯೂಸರ್‌ನೇಮ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ವ್ಯತ್ಯಾಸವಾದರೆ ಸಾಮಾನ್ಯವಾಗಿ ನಡೆದುಹೋಗುತ್ತದೆ. ಪಾಸ್‌ವರ್ಡ್‌ನಲ್ಲಿ ನಡೆಯುವುದಿಲ್ಲ.

"ತಪ್ಪು ಅಂತಲೂ ಹೇಳಲ್ಲ, ಒಳಗೂ ಬಿಡಲ್ಲ"

ಪಾಸ್‌ವರ್ಡ್ ಹಾಕಿ ಒತ್ತಿದರೆ ಅದೇ ಖಾಲಿ ಲಾಗಿನ್ ಪುಟ ಮತ್ತೆ ಬರುತ್ತದೆ, ಏನೂ ಹೇಳುವುದಿಲ್ಲ. ಬಹುಪಾಲು ಇದು ಕುಕಿಯ ತೊಂದರೆ. ಇನ್‌ಕಾಗ್ನಿಟೊ ಕಿಟಕಿಯಲ್ಲಿ (ಹಳೆಯ ಕುಕಿ ಬಳಸದ ಖಾಸಗಿ ಕಿಟಕಿ) ಪ್ರಯತ್ನಿಸಲಿ. ಅಲ್ಲಿ ಸರಿಹೋದರೆ ಆ ಬ್ರೌಸರ್‌ನಲ್ಲಿ ನಮ್ಮ ಸೈಟಿನ ಕುಕಿ ಅಳಿಸಿದರೆ ಸಾಕು. ಅಲ್ಲೂ ಹಾಗೇ ಆದರೆ ನಿಮ್ಮ ಕ್ಯಾಶ್ ಪ್ಲಗಿನ್ (ಬೇಗ ತೆರೆಯಲಿ ಅಂತ ಪುಟಗಳ ಪ್ರತಿ ಇಟ್ಟುಕೊಳ್ಳುವಂಥದ್ದು) ಲಾಗಿನ್ ಪುಟವನ್ನೂ ಕ್ಯಾಶ್ ಮಾಡುತ್ತಿದೆಯಾ ನೋಡಿ.

ಬೀಗ ಬಿದ್ದಿರುವುದು ಬೇರೆ. ತಪ್ಪು ಪಾಸ್‌ವರ್ಡ್ ಹಲವು ಸಲ ಹಾಕಿದರೆ ಸ್ವಲ್ಪ ಹೊತ್ತು ತಡೆಯುವ ಪ್ಲಗಿನ್ ನಿಮ್ಮಲ್ಲಿದ್ದರೆ, ಅದು ಸಾಮಾನ್ಯವಾಗಿ ತಡೆಯುವುದು ಸದಸ್ಯರನ್ನಲ್ಲ, ಅವರು ಬಂದ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ ಸಂಪರ್ಕದ ಸಂಖ್ಯೆಯನ್ನು. ಹೋಮ್‌ಸ್ಟೇಯ ಒಂದೇ ವೈಫೈನಲ್ಲಿ ಎಲ್ಲರೂ ಕೂತಿದ್ದಾಗ ಒಬ್ಬರು ತಪ್ಪು ಮಾಡಿದರೆ ಉಳಿದವರಿಗೂ ಬಾಗಿಲು ಬಂದ್. ಮೊಬೈಲ್ ಡೇಟಾದಲ್ಲೂ ಹೀಗೆ ಆಗಬಹುದು, ಯಾಕೆಂದರೆ ಕಂಪನಿಗಳು ಬಹಳಷ್ಟು ಗಿರಾಕಿಗಳನ್ನು ಒಂದೇ ಐಪಿಯ ಹಿಂದೆ ಕೂರಿಸಿರುತ್ತವೆ. ಏನೂ ತಪ್ಪು ಮಾಡದವರು "ತುಂಬಾ ಸಲ ತಪ್ಪು ಹಾಕಿದ್ದೀರಿ" ಅಂತ ಬಂತು ಅಂದರೆ ನಂಬಿ. ಪ್ಲಗಿನ್‌ನ ಪಟ್ಟಿಯಲ್ಲಿ ಆ ಐಪಿ ತೆರವು ಮಾಡಿ, ಅಥವಾ ವೈಫೈ ಬಿಟ್ಟು ಡೇಟಾದಲ್ಲಿ ಬರಲು ಹೇಳಿ.

ಹಳೆಯ ಇಮೇಲೇ ಇಲ್ಲವಾದಾಗ

ಬೆಂಗಳೂರಿನ ಯಾವುದೇ ಕ್ಲಬ್ಬಿನ ಪಟ್ಟಿ ತೆಗೆದು ನೋಡಿ. ಆಫೀಸಿನ ಇಮೇಲ್ ಕೊಟ್ಟು ಸದಸ್ಯರಾದವರು ಇದ್ದೇ ಇರುತ್ತಾರೆ. ಕೆಲಸ ಬಿಟ್ಟ ದಿನವೇ ಆ ವಿಳಾಸವೂ ಹೋಯಿತು. ಎರಡು ವರ್ಷ ಮುಟ್ಟದ ವೈಯಕ್ತಿಕ ಗೂಗಲ್ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಗೂಗಲ್ ಅಳಿಸುತ್ತಾ ಬಂದಿದೆ. ಯಾಹೂ 2013ರಲ್ಲಿ ಯಾರೂ ಬಳಸದ ಹಳೆಯ ಐಡಿಗಳನ್ನು ಹೊಸಬರಿಗೆ ಕೊಟ್ಟಿತ್ತು. ಅಂದರೆ ಹಳೆಯ ವಿಳಾಸಕ್ಕೆ ಮೇಲ್ ತಲುಪಿದ ಮಾತ್ರಕ್ಕೆ ಅದು ನಿಮ್ಮ ಸದಸ್ಯರಿಗೇ ತಲುಪಿತು ಅಂತ ಅಲ್ಲ.

ಈಗ ನೀವೇ ಅಡ್ಮಿನ್ ಪುಟದಲ್ಲಿ ಇಮೇಲ್ ಬದಲಿಸಿ ಕೊಡಬೇಕು. ಇದೊಂದು ಹೆಜ್ಜೆಯಲ್ಲಿ ಮಾತ್ರ ಅವಸರ ಬೇಡ, ಸಂಕೋಚವೂ ಬೇಡ. ಯಾಕೆಂದರೆ ಇಮೇಲ್ ಬದಲಿಸಿಕೊಟ್ಟರೆ ಪೂರ್ತಿ ಖಾತೆಯನ್ನೇ ಕೈಗೆ ಕೊಟ್ಟಂತೆ. ಅದರೊಳಗೆ ಸದಸ್ಯರ ವಿಳಾಸ, ತುರ್ತು ಸಂಪರ್ಕದ ನಂಬರು, ರಕ್ತದ ಗುಂಪು, ಕೆಲವು ಕಡೆ ಆಧಾರ್ ಪ್ರತಿ ಕೂಡ ಇರುತ್ತದೆ. (ಆಧಾರ್ ಪ್ರತಿ ಯಾಕೆ ಇಟ್ಟುಕೊಂಡಿದ್ದೀರಿ ಅನ್ನುವುದು ಇನ್ನೊಂದು ಜಗಳ. ಚಾರಣ ಮುಗಿದ ಮೇಲೆ ಅಳಿಸಿಬಿಡಿ.)

ಗುರುತು ಪತ್ತೆಗೆ ಹುಟ್ಟಿದ ದಿನ ಕೇಳಬೇಡಿ, ಅದು ಫೇಸ್‌ಬುಕ್‌ನಲ್ಲಿದೆ. ಸದಸ್ಯತ್ವ ಸಂಖ್ಯೆ ಕೇಳಬೇಡಿ, ಅದು ವಾಟ್ಸಾಪ್ ಗುಂಪಿನಲ್ಲಿ ಓಡಾಡುವ ಪಟ್ಟಿಯಲ್ಲಿದೆ. ಕರೆ ಬಂದ ನಂಬರಿಗೇ ಮಾತಾಡಿ ಮುಗಿಸಬೇಡಿ, ಕಡತದಲ್ಲಿರುವ ನಂಬರಿಗೆ ನೀವೇ ತಿರುಗಿ ಕರೆ ಮಾಡಿ. ಅದರಲ್ಲೂ ಒಂದು ಎಚ್ಚರ. ನಿಂತುಹೋದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆ ಕಡೆ ಯಾರು ಎತ್ತಿದರು ಅನ್ನುವುದು ಮುಖ್ಯ. ಕಳೆದ ಚಾರಣಕ್ಕೆ ಯಾವ ಗಾಡಿಯಲ್ಲಿ ಬಂದಿರಿ, ಟೆಂಟಿನಲ್ಲಿ ಜೊತೆಗೆ ಯಾರಿದ್ದರು, ಸದಸ್ಯತ್ವದ ಹಣ ಯಾವ ಯುಪಿಐ ಆ್ಯಪ್‌ನಿಂದ ಕಟ್ಟಿದಿರಿ, ಆ ರಸೀದಿ ತೋರಿಸಿ. ಇಂಥವನ್ನು ಬೇರೆಯವರು ಊಹಿಸುವುದು ಕಷ್ಟ. ಸಮಿತಿಯಲ್ಲಿ ಅವರನ್ನು ಮುಖತಃ ಬಲ್ಲ ಒಬ್ಬರಿದ್ದರೆ ಎರಡು ನಿಮಿಷದ ವೀಡಿಯೊ ಕರೆ ಎಲ್ಲಕ್ಕಿಂತ ವಾಸಿ.

"ನನ್ನ ಯಾವ ಇಮೇಲ್ ನಿಮ್ಮಲ್ಲಿದೆ ಹೇಳಿ" ಅಂದರೆ ಪೂರ್ತಿ ಓದಿ ಹೇಳಬೇಡಿ. ಮೊದಲ ಎರಡು ಅಕ್ಷರ ಮತ್ತು ಜಿಮೇಲೋ ಯಾಹೂವೋ ಅಷ್ಟು ಹೇಳಿ. ನಿಜವಾದ ಸದಸ್ಯರಿಗೆ ಅಷ್ಟರಲ್ಲೇ ಹೊಳೆಯುತ್ತದೆ.

ಅಡ್ಮಿನ್ ಇಮೇಲ್ ಬದಲಿಸಿದಾಗ ವರ್ಡ್‌ಪ್ರೆಸ್ ಹಳೆಯ ವಿಳಾಸಕ್ಕೆ ತಾನಾಗಿ ಒಂದು ತಿಳಿವಳಿಕೆ ಕಳಿಸುತ್ತದೆ. ಇದನ್ನು ಕಿರಿಕಿರಿ ಅಂತ ನಿಲ್ಲಿಸಬೇಡಿ. ಯಾರಾದರೂ ಮೋಸ ಮಾಡಿದ್ದರೆ ನಿಜವಾದವರಿಗೆ ಸುಳಿವು ಸಿಗುವುದು ಅಲ್ಲಿಂದಲೇ. ನಕಲಿ ಲಿಂಕ್ ಒತ್ತಿ ಓಟಿಪಿ ಕೊಟ್ಟು ಹಣವನ್ನೂ ಕಳೆದುಕೊಂಡಿದ್ದಾರೆ ಅಂತ ಗೊತ್ತಾದರೆ ಕ್ಲಬ್ಬಿನ ಲಾಗಿನ್ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಪಾಸ್‌ವರ್ಡ್ ನಾವೇ ಇಟ್ಟುಕೊಡಬೇಕಾದಾಗ

"ಹಳೆಯದು ಏನಿತ್ತು ಅಂತ ನೋಡಿ ಹೇಳಿಬಿಡಿ" ಅನ್ನುತ್ತಾರೆ. ನೋಡಲು ಆಗುವುದಿಲ್ಲ. ಸೈಟಿನಲ್ಲಿ ಇರುವುದು ಪಾಸ್‌ವರ್ಡ್ ಅಲ್ಲ, ಅದನ್ನು ಅರೆದು ಮಾಡಿದ ಒಂದು ಗುರುತು ಮಾತ್ರ. ಆ ಗುರುತಿನಿಂದ ಹಿಂದಕ್ಕೆ ಬರುವ ದಾರಿ ಇಲ್ಲ. 2025ರಲ್ಲಿ ಬಂದ 6.8 ಆವೃತ್ತಿ ಅದನ್ನು ಬಿಕ್ರಿಪ್ಟ್ ಅನ್ನುವ ಇನ್ನೂ ಗಟ್ಟಿಯಾದ ವಿಧಾನಕ್ಕೆ ಬದಲಿಸಿದೆ.

ಸಾಧ್ಯವಾದಷ್ಟು ಯೂಸರ್ಸ್ ಪಟ್ಟಿಯಲ್ಲಿರುವ 'ಸೆಂಡ್ ಪಾಸ್‌ವರ್ಡ್ ರೀಸೆಟ್' ಒತ್ತಿ ಬಿಡಿ. 2021ರ 5.7 ಆವೃತ್ತಿಯಿಂದ ಇದೆ. ಮೇಲ್ ನೋಡಲು ಬಾರದ ಹಿರಿಯರಿಗೆ ಮಾತ್ರ ನೀವೇ ಇಟ್ಟು ಫೋನಿನಲ್ಲಿ ಓದಿ ಹೇಳಿ. ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಕ್ಲಬ್ಬಿನ ಹೆಸರಿನ ಮುಂದೆ 123 ಸೇರಿಸಿ ಎಲ್ಲರಿಗೂ ಒಂದೇ ಕೊಡುವ ಹಳೆಯ ಪದ್ಧತಿಯನ್ನಂತೂ ಇವತ್ತೇ ಬಿಡಿ. ಓದಿ ಹೇಳಲು ಅನುಕೂಲವಾಗಲಿ ಅಂತ ಸೊನ್ನೆ ಮತ್ತು ಓ, ಒಂದು ಮತ್ತು ಎಲ್ ಇಲ್ಲದಂತೆ ನೋಡಿಕೊಳ್ಳಿ. ಮೂರು ನಾಲ್ಕು ಸಾಮಾನ್ಯ ಪದಗಳನ್ನು ಅಡ್ಡಗೆರೆಯಿಂದ ಜೋಡಿಸಿದರೆ ಸಾಕಷ್ಟು ಉದ್ದವೂ ಆಯಿತು, ಹೇಳುವುದೂ ಸುಲಭ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ ಬೇಡ. 'ಗುಡ್ಡ' ಅಂತ ಹೇಳಿದರೆ ಒಬ್ಬರು ಕೊನೆಗೆ ಒಂದು ಎ ಹಾಕುತ್ತಾರೆ, ಇನ್ನೊಬ್ಬರು ಎರಡು.

ಅಡ್ಮಿನ್ ಲಾಗಿನ್ನೇ ಹೋದರೆ

ಸದಸ್ಯರದ್ದು ಸರಿಮಾಡುವವರ ಖಾತೆಯೇ ಕಳೆದುಹೋದರೆ ಹೋಸ್ಟಿಂಗ್ ಖಾತೆಯ ಮೂಲಕ ಒಳಗೆ ಹೋಗಬೇಕು. ಪಿಎಚ್‌ಪಿಮೈಅಡ್ಮಿನ್ (ಸೈಟಿನ ಡೇಟಾಬೇಸ್ ನೋಡುವ ಉಪಕರಣ) ತೆರೆದು ಯೂಸರ್ಸ್ ಕೋಷ್ಟಕದಲ್ಲಿ ನಿಮ್ಮ ಸಾಲು ಹುಡುಕಿ. ಮೊದಲು ಅಲ್ಲಿ ಯಾವ ಇಮೇಲ್ ಇದೆ ನೋಡಿ. ಅದನ್ನು ಸರಿಯಾದದ್ದಕ್ಕೆ ಬದಲಿಸಿ ಮಾಮೂಲಿ ರೀಸೆಟ್ ಕೇಳುವುದೇ ಸಾಕು, ಪಾಸ್‌ವರ್ಡ್ ಕಾಲಂ ಮುಟ್ಟುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮುಟ್ಟುವ ಮುಂಚೆ ಡೇಟಾಬೇಸ್‌ನ ಒಂದು ಪ್ರತಿ ಇಳಿಸಿಕೊಳ್ಳಿ. ಅಡ್ಮಿನ್ ಹಕ್ಕಿರುವ ಖಾತೆ ಯಾವಾಗಲೂ ಇಬ್ಬರ ಬಳಿ ಇರಲಿ, ಬೇರೆ ಬೇರೆ ಹೆಸರಿನಲ್ಲಿ.

ಹೋಸ್ಟಿಂಗ್ ಮತ್ತು ಡೊಮೈನ್ ಖಾತೆಗಳು ಯಾರ ಇಮೇಲ್‌ನಲ್ಲಿವೆ ಅಂತಲೂ ಈಗಲೇ ನೋಡಿಕೊಳ್ಳಿ. ಅದು ಎಷ್ಟೋ ವರ್ಷದ ಹಿಂದಿನ ಕಾರ್ಯದರ್ಶಿಯ ಸ್ವಂತ ವಿಳಾಸವಾಗಿರುವ ಸಂಭವ ಜಾಸ್ತಿ. ನವೀಕರಣದ ನೆನಪೋಲೆ ಅವರಿಗೆ ಹೋಗುತ್ತದೆ, ಕ್ಲಬ್ಬಿಗೆ ಗೊತ್ತಾಗುವುದು ಸೈಟು ಕಾಣದಾದ ಮೇಲೆ. ಅದನ್ನು ಕ್ಲಬ್ಬಿನ ವಿಳಾಸಕ್ಕೆ ಬದಲಿಸಲು ಹಳೆಯ ಇನ್‌ಬಾಕ್ಸ್‌ಗೆ ಬರುವ ಓಟಿಪಿ ಬೇಕಾಗುತ್ತದೆ. ಅವರು ಊರಲ್ಲಿದ್ದಾಗ ಮನೆಗೆ ಹೋಗಿ, ಎದುರು ಕೂತು ಮುಗಿಸಿಕೊಂಡು ಬನ್ನಿ.